ಒಂದು ಮೊಳದ ಕಡ್ಡಿ

ಹೊಳೆದಂಡೆಯ ಆ ಆಶ್ರಮದಲ್ಲಿ ಪೂಜೆಯ ಗಂಟೆಗಿಂತ ಹೆಚ್ಚು ಸದ್ದು ಮಾಡುತ್ತಿದ್ದದ್ದು ಒಂದು ಹಳೆಯ ಜೀಪು. ಜೀಪಿಗಿಂತ ಹೆಚ್ಚು ಸದ್ದು ಮಾಡುತ್ತಿದ್ದವನು ಅದರ ಡ್ರೈವರ್ ಶಿವಮಲ್ಲು.

ಮೊದಲು ಲಾರಿ ಓಡಿಸುತ್ತಿದ್ದವನು. ಆಶ್ರಮಕ್ಕೆ ಅಕ್ಕಿ ಮೂಟೆ ಇಳಿಸಲು ಬಂದಾಗ ಅಲ್ಲಿನ ಗುರುಗಳಿಗೆ ಏನೋ ಒಂದು ಪ್ರಶ್ನೆ ಕೇಳಿದ. ಉತ್ತರ ಸಿಗಲಿಲ್ಲ. ಸಿಕ್ಕ ಮೇಲೆ ಹೋದರಾಯಿತು ಎಂದು ಉಳಿದುಕೊಂಡವನು ಆರು ವರ್ಷದಿಂದ ಅಲ್ಲೇ ಇದ್ದಾನೆ. ಕೇಳಿದ ಪ್ರಶ್ನೆ ಯಾವುದೆಂದು ಈಗ ಅವನಿಗೇ ನೆನಪಿಲ್ಲ.

ಗುರುಗಳ ಹೆಸರು ಏಕಾಂತಲಿಂಗ ಸ್ವಾಮಿಗಳು. ಎಲ್ಲರೂ ಅವರನ್ನು ಕರೆಯುವುದು ಬುದ್ಧಿ ಎಂದು. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಸ್ವಾಮಿಯಾಗುವ ಮೊದಲು ಅವರು ಸರಕು ಹಡಗಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದರಂತೆ ಎಂದು ಜನ ಹೇಳುತ್ತಿದ್ದರು. ಅವರ ಬಾಯಿಂದ ಅದನ್ನು ಕೇಳಿದವರು ಯಾರೂ ಇರಲಿಲ್ಲ.

ಆಶ್ರಮದ ಹಿಂದೆ ಬೆಟ್ಟ. ಬೆಟ್ಟದ ಮೇಲೆ ಅಲ್ಲೊಂದು ಇಲ್ಲೊಂದು ಸೋಲಿಗರ ಪೋಡು, ಹತ್ತು ಹದಿನೈದು ಮನೆಗಳ ಸಣ್ಣ ಹಾಡಿ. ವಾರಕ್ಕೆರಡು ದಿನ ಜೀಪು ನರ್ಸ್ ದಾಕ್ಷಾಯಿಣಮ್ಮನವರನ್ನೂ ಔಷಧಿ ಪೆಟ್ಟಿಗೆಯನ್ನೂ ಕೂರಿಸಿಕೊಂಡು ಬೆಟ್ಟ ಹತ್ತುತ್ತಿತ್ತು. ಮೊಬೈಲ್ ಅಲ್ಲಿ ಎಲ್ಲೂ ಹಿಡಿಯುವುದಿಲ್ಲ. ಆಶ್ರಮದಲ್ಲಿ ಮಾತ್ರ ತಂತಿಯ ಫೋನು ಒಂದಿತ್ತು.

ಹಿಂದಿನ ವರ್ಷ ಜಡೇಗೌಡ ಎಂಬ ಹಿರಿಯನಿಗೆ ಹಾವು ಕಚ್ಚಿತು. ಅವನನ್ನು ಮಲಗಿಸಿಕೊಂಡು ಇಳಿಯುವಾಗ ಹುಣಸೆಹಳ್ಳದಲ್ಲಿ ಜೀಪಿನ ಆ್ಯಕ್ಸೆಲ್ ಮುರಿಯಿತು. ಶಿವಮಲ್ಲು ಒಂಬತ್ತು ಮೈಲಿ ಓಡಿ ಆಶ್ರಮ ಮುಟ್ಟಿದ. ಬೇರೆ ಗಾಡಿ ಹಿಡಿದು ತಿರುಗಿ ಹೋಗುವಷ್ಟರಲ್ಲಿ ದಾಕ್ಷಾಯಿಣಮ್ಮ ಜಡೇಗೌಡನ ಮುಖದ ಮೇಲೆ ಪಂಚೆ ಹೊದಿಸಿ ಪಕ್ಕದಲ್ಲಿ ಕೂತಿದ್ದರು.

ಆಮೇಲೆ ಮೂರು ತಿಂಗಳು ಶಿವಮಲ್ಲು ದನಿ ಎತ್ತಿ ಮಾತಾಡಲಿಲ್ಲ. ಒಂದು ದಿನ ಬೆಳಿಗ್ಗೆ ಬಂದು ಬುದ್ಧಿಯವರ ಎದುರು ನಿಂತ.

"ಬುದ್ಧಿ, ಜೀಪಿಗೆ ವೈರ್‌ಲೆಸ್ ಬೇಕು."

"ಯಾಕೆ?"

"ಕೂಗಿದರೆ ಕೇಳಿಸಬೇಕು."

"ಯಾರಿಗೆ?"

"ಯಾರಿಗಾದರೂ."

ಬುದ್ಧಿ ಅವತ್ತೇ ಅರ್ಜಿ ಬರೆದರು. ಏಳು ತಿಂಗಳಿಗೆ ಸರ್ಕಾರದ ಲೈಸೆನ್ಸ್ ಬಂತು. ಆಶ್ರಮಕ್ಕೆಂದೇ ಒಂದು ತರಂಗಾಂತರ ಗೊತ್ತುಮಾಡಿದ್ದರು.

ಶಿವಮಲ್ಲು ಮೈಸೂರಿಗೆ ಹೋಗಿ ಮೂರು ಅಂಗಡಿ ಸುತ್ತಿ ಕಾಗದಗಳ ಕಟ್ಟು ತಂದ.

"ಕೈಯಲ್ಲಿ ಹಿಡಿಯೋ ಸೆಟ್ ಇದೆ, ಬುದ್ಧಿ, ಐದು ವಾಟ್. ಜೀಪಿಗೆ ಕೂರಿಸೋದು ಇಪ್ಪತ್ತೈದು ವಾಟ್. ಐವತ್ತು ವಾಟಿಂದೂ ಇದೆ. ನಮಗೆ ಐವತ್ತೇ ಇರಲಿ."

"ಐವತ್ತು ಯಾಕೆ?"

"ಜೋರಾಗಿ ಕೂಗುತ್ತೆ."

ಬುದ್ಧಿ ಎದ್ದು ಅಡುಗೆಮನೆಗೆ ಹೋದರು. ಥಳಥಳ ಹೊಳೆಯುವ ದೊಡ್ಡ ಸ್ಟೀಲ್ ಹರಿವಾಣ ತಂದರು. ಜೊತೆಗೆ ಅಂಗೈಯಗಲದ ಒಂದು ಕನ್ನಡಿ.

"ಹರಿವಾಣ ತಗೊಂಡು ಹುಣಸೆಹಳ್ಳಕ್ಕೆ ಇಳಿ. ಬಿಸಿಲಿಗೆ ಹಿಡಿದು ನನ್ನ ಕಡೆ ಹೊಳೆಸು. ಆಮೇಲೆ ಈ ಕನ್ನಡಿ ತಗೊಂಡು ಹಳ್ಳದ ಮೇಲಿರೋ ಬೋಳುಬಂಡೆ ಹತ್ತು. ಅಲ್ಲಿಂದಲೂ ಹೊಳೆಸು. ನಾನು ಇಲ್ಲೇ ಕೂತಿರ್ತೀನಿ."

ಶಿವಮಲ್ಲು ಎರಡನ್ನೂ ಜೀಪಿಗೆ ಹಾಕಿಕೊಂಡು ಹೊರಟ. ತಿರುಗಿ ಬಂದಾಗ ಮಧ್ಯಾಹ್ನ. ಬುದ್ಧಿ ಹೊಳೆದಂಡೆಯ ಕಲ್ಲಿನ ಮೇಲೆ ಕೂತೇ ಇದ್ದರು.

"ಹರಿವಾಣ ಎಷ್ಟು ಸಲ ಕಂಡಿತು, ಬುದ್ಧಿ?"

"ಒಂದು ಸಲವೂ ಇಲ್ಲ."

"ಐವತ್ತು ಸಲ ಹೊಳೆಸಿದೆ! ಕನ್ನಡಿ?"

"ಏಳು ಸಲ."

"ನಾನು ಹೊಳೆಸಿದ್ದೇ ಏಳು ಸಲ."

ಶಿವಮಲ್ಲು ಹರಿವಾಣ ನೋಡಿದ, ಕನ್ನಡಿ ನೋಡಿದ, ಬೆಟ್ಟ ನೋಡಿದ.

"ಹಾಗಾದರೆ ಸೆಟ್ಟಿನ ಜೋರಿಗಿಂತ ನಿಂತಿರೋ ಜಾಗ ಮುಖ್ಯ."

ಬುದ್ಧಿ ಕನ್ನಡಿಯನ್ನು ಪಂಚೆಯ ತುದಿಯಿಂದ ಒರೆಸಿದರು.

ಶಿವಮಲ್ಲುವಿನ ದನಿ ತಗ್ಗಿತು. "ಅವತ್ತು ಜೀಪು ನಿಂತಿದ್ದು ಹಳ್ಳದಲ್ಲಿ. ಸೆಟ್ ಇದ್ದಿದ್ದರೂ ಕೇಳಿಸುತ್ತಿರಲಿಲ್ಲವಾ?"

"ಇಲ್ಲ."

"ಬೋಳುಬಂಡೆ ಅರ್ಧ ಮೈಲಿ. ಅಲ್ಲಿಗೆ ಹತ್ತಿದ್ದರೆ ಸಾಕಾಗುತ್ತಿತ್ತು. ಆದರೆ ಜೀಪು ಮುರಿದಿತ್ತಲ್ಲ, ಕೂರಿಸಿದ ಸೆಟ್ಟನ್ನ ಹೊತ್ಕೊಂಡು ಹೆಂಗೆ ಹತ್ತೋದು?"

ಬುದ್ಧಿ ನೀರು ನೋಡುತ್ತಿದ್ದರು.

"ಎರಡೂ ಬೇಕು, ಬುದ್ಧಿ. ಜೀಪು ನಡೆಯೋವಾಗ ಒಂದು, ನಾನು ನಡೆಯೋವಾಗ ಒಂದು. ಐವತ್ತು ವಾಟ್ ಬೇಡ. ಇಪ್ಪತ್ತೈದು ಸಾಕು."

"ಈಗ ನೀನು ಆರಿಸಿದೆ," ಎಂದು ಬುದ್ಧಿ ಹರಿವಾಣ ಎತ್ತಿಕೊಂಡು ಅಡುಗೆಮನೆ ಕಡೆ ನಡೆದರು.

ಸೆಟ್ಟುಗಳು ಬಂದವು. ಆಶ್ರಮದ್ದೊಂದು, ಜೀಪಿನದೊಂದು, ಕೈಯದೊಂದು. ನೀರಿನ ಟ್ಯಾಂಕಿನ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಆಶ್ರಮದ ಆ್ಯಂಟೆನಾ ಕಟ್ಟಿದ್ದಾಯಿತು.

ಬುದ್ಧಿ ಎರಡು ದಿನದ ಮಟ್ಟಿಗೆ ಊರಿಗೆ ಹೋದರು. ಅಷ್ಟರಲ್ಲಿ ಶಿವಮಲ್ಲುವಿಗೆ ತಡೆಯಲಾಗಲಿಲ್ಲ. ಜೀಪಿನ ಸೆಟ್ಟನ್ನು ತಾನೇ ಕೂರಿಸಿದ. ಆ್ಯಂಟೆನಾ ಮುಂದಿನ ಬಂಪರಿಗೆ. ಕರೆಂಟು ಹೆಡ್‌ಲೈಟಿನ ತಂತಿಯಿಂದ.

ಬುದ್ಧಿ ಬಂದು ಜೀಪಿನ ಸುತ್ತ ಒಂದು ಸುತ್ತು ಹಾಕಿದರು.

"ಬಂಪರಿಗೆ ಯಾಕೆ ಹಾಕಿದೆ?"

"ಪೊಲೀಸ್ ಜೀಪಿನ ಥರ ಕಾಣುತ್ತೆ, ಬುದ್ಧಿ."

"ಕಡ್ಡಿ ಪಕ್ಕ ಕುಕ್ಕರುಗಾಲಲ್ಲಿ ಕೂರು. ಹಿಂದೆ ತಿರುಗಿ ನೋಡು. ಏನು ಕಾಣುತ್ತೆ?"

"ಜೀಪು."

"ಜೀಪಿನ ಆಚೆ?"

"ಕಾಣಲ್ಲ."

"ಮೇಲೆ ಹತ್ತು."

ಶಿವಮಲ್ಲು ಜೀಪಿನ ತಗಡಿನ ಚಾವಣಿ ಹತ್ತಿ ನಡುವೆ ನಿಂತ. ಹೊಳೆ ಕಂಡಿತು, ಬೆಟ್ಟ ಕಂಡಿತು, ಬಂದ ದಾರಿಯೂ ಹೋಗುವ ದಾರಿಯೂ ಕಂಡವು. ಅವನಿಗೆ ಅರ್ಥವಾಯಿತು. ಆದರೂ ಕೇಳಿದ.

"ಚಾವಣಿಯ ಅಂಚಿಗೆ ಹಾಕಿದರೆ ಆಗಲ್ವಾ? ನಡುವೆಯೇ ಯಾಕೆ?"

"ಆ್ಯಂಟೆನಾ ಎಲ್ಲಿದೆ?"

"ಇದೋ, ಈ ಕಡ್ಡಿ."

"ಅದು ಅರ್ಧ. ಉಳಿದರ್ಧದ ಮೇಲೆ ನೀನು ನಿಂತಿದ್ದೀಯ."

ಶಿವಮಲ್ಲು ಕಾಲ ಕೆಳಗಿನ ತಗಡು ನೋಡಿದ. ಸುತ್ತಲೂ ಒಂದೇ ಸಮ ಹರಡಿದ್ದ ತಗಡು.

"ತೂತು ಕೊರೆಯಬೇಕು," ಎಂದ.

"ಹೌದು."

"ಮಳೆ ಬಂದರೆ ನೀರಿಳಿಯುತ್ತೆ."

"ರಬ್ಬರ್ ವಾಷರ್ ಇದೆ."

"ಆರು ವರ್ಷದಿಂದ ಒಂದು ಗೀರು ಬೀಳೋಕೆ ಬಿಟ್ಟಿಲ್ಲ, ಬುದ್ಧಿ."

ಬುದ್ಧಿ ಡ್ರಿಲ್ ಮೇಲಕ್ಕೆ ಎತ್ತಿ ಹಿಡಿದರು. ಅವನು ತೆಗೆದುಕೊಳ್ಳಲಿಲ್ಲ. ಅವರು ಕೈ ಇಳಿಸಲೂ ಇಲ್ಲ. ಕೊನೆಗೆ ಶಿವಮಲ್ಲುವೇ ಬಗ್ಗಿ ಇಸಿದುಕೊಂಡ. ತೂತು ಬೀಳಲು ಅರ್ಧ ನಿಮಿಷ ಹಿಡಿಯಿತು. ಚಾವಣಿಯಿಂದ ಇಳಿಯುವಾಗ ಅವನು ತಗಡನ್ನು ಒಮ್ಮೆ ಸವರಿದ.

"ಈಗ ಆಶ್ರಮದ ಸೆಟ್ಟಿಗೆ ಮಾತಾಡಿ ನೋಡಲಾ?" ಎಂದು ಮೈಕು ಎತ್ತಿದ.

ಬುದ್ಧಿ ತಟ್ಟನೆ ಅವನ ಮಣಿಕಟ್ಟು ಹಿಡಿದರು.

"ಕಡ್ಡಿ ಎಲ್ಲಿದೆ?"

ಕಡ್ಡಿ ಇನ್ನೂ ಬಂಪರಿನಲ್ಲೇ ಇತ್ತು, ಅದರ ಕೇಬಲ್ ಆಗಲೇ ಕಳಚಿಟ್ಟಿತ್ತು. ಚಾವಣಿಯ ಮೇಲೆ ಬರೀ ತೂತು.

"ಕಡ್ಡಿ ಇಲ್ಲದೆ ಒತ್ತಿದರೆ ಏನಾಗುತ್ತೆ, ಬುದ್ಧಿ?"

"ಹೊರಗೆ ಹೋಗೋಕೆ ದಾರಿ ಇಲ್ಲದ್ದು ಒಳಗೇ ಸುಡುತ್ತೆ."

ಕಡ್ಡಿ ಮೇಲೆ ಬಂತು. ಕೇಬಲ್ ಒಳಗೆ ಇಳಿಯಿತು. ಬುದ್ಧಿ ಎಂಜಿನ್ ಹಾಕಿಸಿ, ಮೈಕಿನ ಗುಂಡಿಯನ್ನು ನಿಮಿಷದಷ್ಟು ಒತ್ತಿ ಹಿಡಿಯಲು ಹೇಳಿದರು. ಆಮೇಲೆ ಅವನ ಬೆರಳು ಹಿಡಿದು ಹೆಡ್‌ಲೈಟಿನ ತಂತಿಯ ಮೇಲಿಟ್ಟರು.

ಶಿವಮಲ್ಲು ಚುರುಕ್ಕನೆ ಬೆರಳು ಎಳೆದುಕೊಂಡ.

"ಸುಡ್ತಿದೆ!"

"ಅದು ದೀಪಕ್ಕೆ ಅಂತ ಮಾಡಿದ ತಂತಿ."

ಎರಡು ದಪ್ಪ ತಂತಿ ತಂದು ನೇರ ಬ್ಯಾಟರಿಗೆ ಕೊಟ್ಟದ್ದಾಯಿತು. ಎರಡು ತಂತಿಗೂ ಬ್ಯಾಟರಿಯ ಹತ್ತಿರವೇ ಒಂದೊಂದು ಫ್ಯೂಸು.

"ಫ್ಯೂಸು ಸುಟ್ಟುಹೋದರೆ ಸೆಟ್ಟು ನಿಂತುಹೋಗುತ್ತಲ್ಲ, ಬುದ್ಧಿ?"

"ಅದು ಸುಡದಿದ್ದರೆ?"

ಜೀಪಿನಲ್ಲಿ ಪೆಟ್ರೋಲ್ ಟ್ಯಾಂಕ್ ಇದೆ, ದಾಕ್ಷಾಯಿಣಮ್ಮನ ಸ್ಪಿರಿಟ್ ಬಾಟಲಿಗಳಿವೆ, ಹಿಂದೆ ಮಲಗಿದ ರೋಗಿ ಇರುತ್ತಾರೆ. ಶಿವಮಲ್ಲು ಎರಡು ಫ್ಯೂಸನ್ನೂ ಒತ್ತಿ ಕೂರಿಸಿದ. ಪೆಟ್ರೋಲ್ ಹಾಕಿಸುವಾಗ ಸೆಟ್ಟು ಬಂದ್ ಮಾಡುವುದನ್ನು ಕಲಿತದ್ದೂ ಅವತ್ತಿನಿಂದಲೇ.

ಮಾರನೆಯ ದಿನ ಬುದ್ಧಿ ಒಂದು ಸಣ್ಣ ಮೀಟರ್ ತಂದು ಸೆಟ್ಟಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸಿದರು. ಅದರಲ್ಲಿ ಎರಡು ಮುಳ್ಳು.

"ಇದು ಕಡ್ಡಿಗೆ ಕರೆಂಟು ಎಷ್ಟು ಹೋಯಿತು ಅಂತ ಹೇಳುತ್ತೆ. ಇದು ಎಷ್ಟು ತಿರುಗಿ ಬಂತು ಅಂತ."

"ತಿರುಗಿ ಯಾಕೆ ಬರುತ್ತೆ?"

"ನಮ್ಮ ತರಂಗಾಂತರಕ್ಕೆ ಕಡ್ಡಿ ಉದ್ದವಾಗಿದೆ."

ಕಡ್ಡಿ ಇದ್ದದ್ದು ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು. ಬುದ್ಧಿ ಕಟರ್ ಅವನ ಕೈಗೆ ಕೊಟ್ಟು ನೆರಳಿಗೆ ಹೋಗಿ ಕೂತರು. ಶಿವಮಲ್ಲು ಲೆಕ್ಕ ಹಾಕಿದ. ಚೂರುಚೂರೇ ಕತ್ತರಿಸುತ್ತ ಕೂತರೆ ಹೊತ್ತಾಗುತ್ತದೆ. ಎರಡು ಬೆರಳಗಲ ಒಂದೇ ಸಲ ಕಡಿದ.

ತಿರುಗಿ ಬಂದದ್ದನ್ನು ಹೇಳುವ ಮುಳ್ಳು ಇಳಿಯುವ ಬದಲು ಮೇಲೆ ಹಾರಿತು. ಕಡ್ಡಿ ಈಗ ತೀರಾ ಗಿಡ್ಡವಾಗಿತ್ತು.

ಅವನು ಕತ್ತರಿಸಿದ ತುಂಡನ್ನು ಎತ್ತಿಕೊಂಡು ಬುದ್ಧಿಯವರ ಮುಂದೆ ನಿಂತ. ಬುದ್ಧಿ ಪಕ್ಕದ ಚೀಲದಿಂದ ಇನ್ನೊಂದು ಹೊಸ ಕಡ್ಡಿ ತೆಗೆದುಕೊಟ್ಟರು.

"ಎರಡು ತರಿಸಿದ್ದಿರಾ?"

"ಕಟರ್ ನಿನ್ನ ಕೈಲಿರುತ್ತೆ ಅಂತ ಗೊತ್ತಿತ್ತು."

ಎರಡನೆಯ ಕಡ್ಡಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಅಕ್ಕಿಕಾಳಿನಷ್ಟು ಕತ್ತರಿಸುವುದು, ಒತ್ತುವುದು, ಮುಳ್ಳು ನೋಡುವುದು. ಕೊನೆಗೆ ಮುಳ್ಳು ಸೊನ್ನೆಯ ಹತ್ತಿರ ಮಲಗಿದಾಗ ಅವನಿಗೆ ಬೇಸರ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮೊದಲ ದಿನದ ಪ್ರಯಾಣಕ್ಕೆ ಬುದ್ಧಿಯೂ ಜೊತೆಗೆ ಬಂದರು. ಆಶ್ರಮದ ಸೆಟ್ಟಿನ ಮುಂದೆ ಅಡುಗೆಯ ನಾಗಭೂಷಣ ಕೂತಿದ್ದ. ಶಿವಮಲ್ಲು ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಮೈಕು ಹಿಡಿದು ಬೆಟ್ಟದ ತಿರುವಿನಲ್ಲೇ ಶುರುಮಾಡಿದ.

"ನಾಗಭೂಷಣ, ಕೇಳ್ತಿದೆಯಾ? ನಾವು ಎರಡನೇ ತಿರುವಿನಲ್ಲಿದ್ದೀವಿ, ಇಲ್ಲಿ ಕಾಡುಕೋಣ..."

"ನಿಲ್ಲಿಸು," ಎಂದರು ಬುದ್ಧಿ.

ಜೀಪು ನಿಂತಿತು. ಬುದ್ಧಿ ಇಳಿದು ನಡೆಯತೊಡಗಿದರು.

"ಎಲ್ಲಿಗೆ, ಬುದ್ಧಿ?"

"ನೀನು ಮಾತು ಮುಗಿಸು. ನಾನು ನಡ್ಕೊಂಡು ಮುಂದೆ ಹೋಗಿರ್ತೀನಿ."

ಹಿಂದಿನ ಸೀಟಿನಲ್ಲಿದ್ದ ದಾಕ್ಷಾಯಿಣಮ್ಮ, "ನಾನೂ ಇಳೀತೀನಿ ತಡೀರಿ," ಎಂದರು. ಶಿವಮಲ್ಲು ಮೈಕನ್ನು ಕೊಕ್ಕೆಗೆ ಸಿಕ್ಕಿಸಿದ. ಅಂದಿನಿಂದ ಚಕ್ರ ಉರುಳುವಾಗ ಅವನ ಕೈ ಅದರ ಹತ್ತಿರ ಹೋಗಲಿಲ್ಲ.

ಪೋಡಿನಲ್ಲಿ ದಾಕ್ಷಾಯಿಣಮ್ಮ ಔಷಧಿ ಕೊಡುತ್ತಿದ್ದರು. ಬುದ್ಧಿ ಜೀಪಿನ ಮೆಟ್ಟಿಲು ಹತ್ತಿ ಆ್ಯಂಟೆನಾ ಕಡ್ಡಿಯನ್ನು ಅಂಗೈಯಲ್ಲಿ ಹಿಡಿದು ನಿಂತರು.

"ಆಶ್ರಮಕ್ಕೆ ಮಾತಾಡು," ಎಂದರು.

"ಕೈ ತೆಗೀರಿ, ಬುದ್ಧಿ. ಸುಡುತ್ತೆ."

"ಯಾರು ಹೇಳಿದ್ದು?"

"ಸೆಟ್ಟಿನ ಜೊತೆ ಬಂದ ಪುಸ್ತಕದಲ್ಲಿದೆ. ಒತ್ತುವಾಗ ಯಾರೂ ಕಡ್ಡಿ ಮುಟ್ಟಬಾರದು. ಎರಡು ಮಾರು ದೂರ ಇದ್ದರೆ ಒಳ್ಳೇದು."

"ಆ ಪುಸ್ತಕ ಓದಿರೋರು ಇಲ್ಲಿ ಎಷ್ಟು ಜನ?"

ಶಿವಮಲ್ಲು ಸುತ್ತ ನೋಡಿದ. ಜೀಪಿಗೆ ಒರಗಿ ನಿಂತ ಇಬ್ಬರು ಮುದುಕರು. ಚಾವಣಿಯ ಮೇಲೆ ಜೇನಿನ ಡಬ್ಬ ಕಟ್ಟುತ್ತಿದ್ದ ಒಬ್ಬ ಗಂಡಸು.

"ನಾನೊಬ್ಬನೇ."

ಬುದ್ಧಿ ಕೈ ತೆಗೆದು ಕೆಳಗಿಳಿದರು. "ನೀನು ಜೀಪಿನ ಹತ್ತಿರ ಇಲ್ಲದ ದಿನ?"

ಆ ಸಂಜೆಯಿಂದಲೇ ಶಿವಮಲ್ಲು ದಾಕ್ಷಾಯಿಣಮ್ಮನಿಗೆ ಸೆಟ್ಟು ಕಲಿಸತೊಡಗಿದ. ಒತ್ತುವ ಮೊದಲು ಸುತ್ತ ನೋಡಬೇಕು. ಬೇರೆ ಯಾರಾದರೂ ಮಾತಾಡುತ್ತಿದ್ದಾರೋ ಕೇಳಬೇಕು. ಒತ್ತಿರುವಷ್ಟು ಹೊತ್ತು ತನಗೆ ಏನೂ ಕೇಳಿಸುವುದಿಲ್ಲ. ಅವರು ಎರಡೇ ದಿನಕ್ಕೆ ಕಲಿತರು.

"ನಿನಗಿಂತ ಬೇಗ ಕಲಿತೆ ನೋಡು," ಎಂದರು.

"ನಿಮಗೆ ಮಾತು ಕಡಿಮೆ, ಅಕ್ಕ," ಎಂದ ಶಿವಮಲ್ಲು.

ಒಂದು ಸಂಜೆ ಹೊಳೆದಂಡೆಯಲ್ಲಿ ಕೂತಿದ್ದಾಗ ಅವನು ಕೇಳಿಯೇಬಿಟ್ಟ.

"ಬುದ್ಧಿ, ನೀವು ಹಡಗಿನಲ್ಲಿ ಇದ್ದದ್ದು ಹೌದಾ?"

"ಹೌದು. ಹದಿನೆಂಟು ವರ್ಷ."

ಉತ್ತರ ಇಷ್ಟು ಸುಲಭಕ್ಕೆ ಸಿಕ್ಕಿದ್ದಕ್ಕೆ ಅವನಿಗೇ ಗಲಿಬಿಲಿಯಾಯಿತು.

"ಅಲ್ಲಿ ಏನು ಕೆಲಸ?"

"ವೈರ್‌ಲೆಸ್ ಕೋಣೆಯಲ್ಲಿ ಒಂದು ಗಡಿಯಾರ ಇತ್ತು. ಅದರ ಮುಖದ ಮೇಲೆ ಎರಡು ಕಡೆ ಕೆಂಪು ಬಣ್ಣ ಬಳಿದಿದ್ದರು. ಮೂರು ಮೂರು ನಿಮಿಷದಷ್ಟು. ಗಂಟೆಗೆ ಎರಡು ಸಲ ಮುಳ್ಳು ಆ ಕೆಂಪಿಗೆ ಬರೋದು. ಬಂದಾಗ ಎಲ್ಲ ಹಡಗಿನವರೂ ಮಾತು ನಿಲ್ಲಿಸಬೇಕು."

"ಎಲ್ಲ ಹಡಗಿನವರೂ?"

"ಎಲ್ಲ ಸಮುದ್ರದಲ್ಲೂ."

"ಯಾಕೆ?"

"ಯಾರಾದರೂ ಮುಳುಗ್ತಾ ಇದ್ದರೆ, ಅವರ ದನಿ ಸಣ್ಣದಿರುತ್ತೆ."

ಶಿವಮಲ್ಲು ಅದನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದ. ಅಷ್ಟು ದೊಡ್ಡ ನೀರು, ಅಷ್ಟು ಹಡಗು, ಎಲ್ಲರೂ ಒಟ್ಟಿಗೆ ಸುಮ್ಮನಾಗುವುದು.

"ಹದಿನೆಂಟು ವರ್ಷದಲ್ಲಿ ಎಷ್ಟು ಸಲ ಕೇಳಿಸಿತು, ಬುದ್ಧಿ?"

"ಎರಡು ಸಲ."

"ಮಿಕ್ಕ ದಿನವೆಲ್ಲ ಸುಮ್ಮನೆ ಕೂತಿರ್ತಿದ್ದಿರಾ?"

"ಇಲ್ಲ. ಕೇಳ್ತಾ ಕೂತಿರ್ತಿದ್ದೆ."

ಆಷಾಢದ ಒಂದು ಮಧ್ಯಾಹ್ನ ಮೇಲಿನ ಪೋಡಿನಲ್ಲಿ ಸಿದ್ದಮ್ಮ ಎಂಬ ತುಂಬು ಬಸುರಿಗೆ ನೋವು ಶುರುವಾಯಿತು. ದಾಕ್ಷಾಯಿಣಮ್ಮ ನೋಡಿದವರೇ ಶಿವಮಲ್ಲುವಿನ ಕಡೆ ತಿರುಗಿದರು.

"ರಕ್ತ ಹೋಗ್ತಿದೆ. ಇಲ್ಲಿ ಆಗಲ್ಲ. ನಡಿ."

ಸಿದ್ದಮ್ಮನನ್ನು ಹಿಂದೆ ಮಲಗಿಸಿ, ಅವಳ ಅತ್ತೆ ಕುಂಬಮ್ಮನನ್ನು ಕೂರಿಸಿಕೊಂಡು ಜೀಪು ಇಳಿಯಿತು. ಹುಣಸೆಹಳ್ಳದ ತಿರುವು ದಾಟುತ್ತಿದ್ದ ಹಾಗೆ ಶಿವಮಲ್ಲು ಬ್ರೇಕ್ ಒತ್ತಿದ.

ದಾರಿಗೆ ಅಡ್ಡ ದೊಡ್ಡ ಬೂರುಗದ ಮರ. ಆನೆ ಉರುಳಿಸಿ ಹೋಗಿತ್ತು. ಎಲೆ ಇನ್ನೂ ಹಸಿರಾಗಿತ್ತು.

ಮೈಕು ತೆಗೆದು ಒತ್ತಿದ. "ಆಶ್ರಮ, ಆಶ್ರಮ." ಬಿಟ್ಟ. ಬರೀ ಸುಯ್ ಎನ್ನುವ ಸದ್ದು. ಮತ್ತೆ ಒತ್ತಿದ. ಮೂರನೆಯ ಸಲ ಕೂಗುವಾಗ ದನಿ ಎಲ್ಲಿಗೋ ಏರಿತು.

"ಇಲ್ಲಿ ಕೂಗಿ ಏನು ಬಂತು?" ಎಂದರು ದಾಕ್ಷಾಯಿಣಮ್ಮ. "ಕೈಯದು ತಗೊಂಡು ಮೇಲೆ ಹೋಗು."

ಅವನು ಅಲ್ಲೇ ನಿಂತ. ಅದೇ ಹಳ್ಳ. ಅವತ್ತೂ ಹೀಗೇ ಇವರನ್ನು ಬಿಟ್ಟು ಓಡಿದ್ದ.

"ಅಕ್ಕ, ನಿಮ್ಮನ್ನ ಬಿಟ್ಟು..."

"ಜೀಪಿನ ಸೆಟ್ಟು ನನ್ನ ಹತ್ತಿರ ಇದೆ. ಓಡು."

ಬೋಳುಬಂಡೆಯ ತುದಿ ಮುಟ್ಟುವಾಗ ಎದೆ ಒಡೆಯುವಂತಿತ್ತು. ದೂರದಲ್ಲಿ ಹೊಳೆ ಕಂಡಿತು. ಟ್ಯಾಂಕಿನ ಮೇಲಿನ ಪೈಪು ಕಾಣದಿದ್ದರೂ ಅದಿರುವ ದಿಕ್ಕು ಗೊತ್ತಿತ್ತು. ಸೆಟ್ಟನ್ನು ನೆಟ್ಟಗೆ, ಮುಖದಿಂದ ಗೇಣುದೂರ ಹಿಡಿದ. ಉಸಿರು ಹದಕ್ಕೆ ಬರುವವರೆಗೆ ಕಾದ. ಒತ್ತಿದ.

"ಆಶ್ರಮ, ಶಿವಮಲ್ಲು. ಬೋಳುಬಂಡೆಯಿಂದ."

"ಕೇಳಿಸ್ತು. ಹೇಳು." ಬುದ್ಧಿಯವರ ದನಿ. ಪಕ್ಕದಲ್ಲೇ ಕೂತವರ ಹಾಗೆ.

"ಹುಣಸೆಹಳ್ಳದಲ್ಲಿ ದಾರಿಗೆ ಮರ ಬಿದ್ದಿದೆ. ಜೀಪಿನಲ್ಲಿ ಹೆರಿಗೆ ಹೆಂಗಸು, ರಕ್ತ ಹೋಗ್ತಿದೆ. ಮರದ ಆ ಕಡೆಗೆ ಆಂಬುಲೆನ್ಸ್ ಬೇಕು, ಎತ್ತಿ ದಾಟಿಸೋಕೆ ಜನ ಬೇಕು."

"ಆಂಬುಲೆನ್ಸ್, ಜನ. ಹುಣಸೆಹಳ್ಳದ ಮರ. ಫೋನ್ ಮಾಡ್ತೀನಿ. ನೀನು ಅಲ್ಲೇ ಇರು."

ಅಲ್ಲೇ ಇರು. ಅದು ಎಲ್ಲಕ್ಕಿಂತ ಕಷ್ಟ. ಕೆಳಗೆ ಇಳಿದು ಮರ ಎಳೆಯಲೇ, ಸಿದ್ದಮ್ಮನನ್ನು ಹೊತ್ತುಕೊಂಡೇ ಓಡಲೇ ಎಂದು ಕಾಲು ತುಡಿಯುತ್ತಿತ್ತು. ಏನಾಯಿತು ಬುದ್ಧಿ ಎಂದು ಕೇಳಲು ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಒತ್ತಿದರೆ ಅವರು ಹೇಳುವುದು ಕೇಳಿಸುವುದಿಲ್ಲ. ಹೆಬ್ಬೆರಳು ತೆಗೆದ.

ಮೊದಲು ಬಂದದ್ದು ಕೆಳಗಿನ ದನಿ.

"ಶಿವಮಲ್ಲು, ಜೀಪಿಂದ. ನಾಡಿ ನೂರಾ ಇಪ್ಪತ್ತು. ಒಂಬತ್ತು ತಿಂಗಳು ತುಂಬ್ತು. ರಕ್ತ ಬಿ ಪಾಸಿಟಿವ್. ಹೇಳಿಬಿಡು."

ಆಗ ಅವನಿಗೆ ತಾನು ನಿಂತಿರುವ ಜಾಗ ತಿಳಿಯಿತು. ಹಳ್ಳದ ಮಾತು ಆಶ್ರಮಕ್ಕೆ ಹೋಗುವುದಿಲ್ಲ. ಆಶ್ರಮದ್ದು ಹಳ್ಳಕ್ಕೆ ಇಳಿಯುವುದಿಲ್ಲ. ಎರಡೂ ಕೇಳಿಸುತ್ತಿದ್ದದ್ದು ಅವನೊಬ್ಬನಿಗೆ.

ಬಹಳ ಸೀರಿಯಸ್ ಬುದ್ಧಿ, ಹೇಗಾದರೂ ಮಾಡಿ, ಎಂದೆಲ್ಲ ಬಾಯಿಗೆ ಬಂತು. ಅದು ಯಾವುದನ್ನೂ ದಾಕ್ಷಾಯಿಣಮ್ಮ ಹೇಳಿರಲಿಲ್ಲ.

"ಆಶ್ರಮ. ನಾಡಿ ನೂರಾ ಇಪ್ಪತ್ತು. ಒಂಬತ್ತು ತುಂಬಿದೆ. ಬಿ ಪಾಸಿಟಿವ್."

"ನೂರಾ ಇಪ್ಪತ್ತು. ಒಂಬತ್ತು ತುಂಬಿದೆ. ಬಿ ಪಾಸಿಟಿವ್. ಡಾಕ್ಟರು ಫೋನಿನಲ್ಲೇ ಇದ್ದಾರೆ. ನೋವು ಬಿಟ್ಟುಬಿಟ್ಟು ಬರ್ತಿದೆಯಾ, ಒಂದೇ ಸಮ ಇದೆಯಾ, ಕೇಳ್ತಿದ್ದಾರೆ."

ಅವನು ಕೆಳಕ್ಕೆ ಹೇಳಿದ, ಅದೇ ಮಾತಿನಲ್ಲಿ. ಕೆಳಗಿನಿಂದ ಉತ್ತರ ತಡವಾಯಿತು. ಹಳ್ಳದ ಕಡೆ ಬಗ್ಗಿ ನೋಡಿದ. ಬಿಸಿಲಿಗೆ ಮರೆ ಎಂದು ಕುಂಬಮ್ಮ ಆ್ಯಂಟೆನಾ ಕಡ್ಡಿಗೆ ಸೀರೆಯ ತುದಿ ಕಟ್ಟಿದ್ದಳು. ದಾಕ್ಷಾಯಿಣಮ್ಮ ಅದನ್ನು ಬಿಚ್ಚಿಸಿ, ಅವಳನ್ನು ದೂರ ನಿಲ್ಲಿಸಿ, ಸುತ್ತ ಒಮ್ಮೆ ನೋಡಿ ಮೈಕು ಎತ್ತುತ್ತಿದ್ದರು.

"ಬಿಟ್ಟುಬಿಟ್ಟು ಬರ್ತಿದೆ."

"ಬಿಟ್ಟುಬಿಟ್ಟು ಬರ್ತಿದೆ, ಬುದ್ಧಿ."

ಹೀಗೆ ನಲವತ್ತು ನಿಮಿಷ. ಡಾಕ್ಟರು ಹೇಳಿದ್ದು ಇಳಿಯಿತು, ದಾಕ್ಷಾಯಿಣಮ್ಮ ಹೇಳಿದ್ದು ಏರಿತು. ನಡುವೆ ಶಿವಮಲ್ಲುವಿನ ಮಾತು ಒಂದೂ ಇರಲಿಲ್ಲ. ಬದುಕಿನಲ್ಲಿ ಅಷ್ಟು ಹೊತ್ತು ಅವನು ತನ್ನದೇನೂ ಹೇಳದೆ ಇದ್ದದ್ದು ಅದೇ ಮೊದಲು. ಕುಂಬಮ್ಮ ಜೀಪಿನ ಪಕ್ಕ ಮಂಡಿಯೂರಿ ಕೂತದ್ದು ಕಾಣುತ್ತಿತ್ತು. ಅವನ ಕಣ್ಣು ಒದ್ದೆಯಾಗಿತ್ತು. ಕಿವಿ ಮಾತ್ರ ಸೆಟ್ಟಿನ ಮೇಲೇ ಇತ್ತು.

ಚೆಕ್‌ಪೋಸ್ಟಿನಿಂದ ಅರಣ್ಯ ಇಲಾಖೆಯವರು ಆರು ಜನ ಗರಗಸ ಹಿಡಿದು ಬಂದರು. ಅವರ ಹಿಂದೆಯೇ ಆಂಬುಲೆನ್ಸ್ ಬಂತು. ಮರ ಕಡಿಯಲು ಕಾಯಲಿಲ್ಲ. ಸ್ಟ್ರೆಚರನ್ನು ಕೈಯಿಂದ ಕೈಗೆ ಎತ್ತಿ ಮರದ ಮೇಲಿನಿಂದ ದಾಟಿಸಿದರು.

ಸಂಜೆ ಐದೂವರೆಗೆ ಆಸ್ಪತ್ರೆಯಿಂದ ಆಶ್ರಮಕ್ಕೆ ಫೋನ್ ಬಂತು. ಹೆಣ್ಣು ಮಗು. ತಾಯಿಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದಾರೆ. ಇಬ್ಬರೂ ಉಳಿದಿದ್ದಾರೆ.

ಶಿವಮಲ್ಲು ಬುದ್ಧಿಯವರ ಎದುರು ಬಂದು ಕೂತ. ಹೇಳಬೇಕೆಂದುಕೊಂಡದ್ದು ಬಹಳ ಇತ್ತು. ಬುದ್ಧಿ ಒಂದು ಲೋಟ ಮಜ್ಜಿಗೆ ಕೊಟ್ಟರು. ಅವನು ಕುಡಿದು ಅಲ್ಲೇ ಗೋಡೆಗೆ ಒರಗಿದ.

ಸುದ್ದಿ ಹೊಳೆ ದಾಟಿತು. ಆ ಕಡೆಯ ಬೆಟ್ಟದಲ್ಲಿ ಇನ್ನೊಂದು ಸೇವಾ ಸಂಸ್ಥೆ ಇತ್ತು. ಅವರ ಎರಡು ಗಾಡಿಗಳಿಗೂ ವೈರ್‌ಲೆಸ್ ಬೇಕಾಗಿತ್ತು. ಒಂದು ತಿಂಗಳಾದ ಮೇಲೆ ಅಲ್ಲಿನ ಇಬ್ಬರು ಡ್ರೈವರುಗಳು, ದೇವೀರಪ್ಪ ಮತ್ತು ಅಬ್ದುಲ್ ಗನಿ, ಶಿವಮಲ್ಲುವಿನ ಹತ್ತಿರ ಕಲಿಯಲು ಬಂದರು.

ಶಿವಮಲ್ಲು ಹಿಂದಿನ ದಿನವೆಲ್ಲ ಕೂತು ನೋಟ್‌ಬುಕ್ಕಿನಲ್ಲಿ ಹನ್ನೆರಡು ಪುಟ ಬರೆದಿದ್ದ. ವಾಟ್, ಫ್ಯೂಸು, ಕಡ್ಡಿಯ ಉದ್ದ, ಎಲ್ಲ. ಬೆಳಿಗ್ಗೆ ಅದನ್ನು ಹಿಡಿದುಕೊಂಡು ಬುದ್ಧಿಯವರ ಹತ್ತಿರ ಬಂದ. ಹೊರಗೆ ಹುಣಸೆಮರದ ನೆರಳಿನಲ್ಲಿ ಆ ಇಬ್ಬರೂ ಚಪ್ಪಲಿಯ ಕೆಸರು ಒರೆಸಿಕೊಳ್ಳುತ್ತಿದ್ದರು.

"ಬುದ್ಧಿ, ಮೊದಲು ಯಾವುದು ಹೇಳಲಿ? ಸೆಟ್ ಆರಿಸೋದಾ, ಕಡ್ಡಿ ಕೂರಿಸೋದಾ?"

"ಬಂದ ದಾರಿ ಹೇಗಿತ್ತು ಅಂತ ಕೇಳು."

"ಆಮೇಲೆ?"

"ಅವರು ಹೇಳಿ ಮುಗಿಸಲಿ."